ವೆಂಟಿಲೇಟರ್ ಅಲಾರಂ: ಕೆಂಪು, ಹಳದಿ ಬಣ್ಣಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ರಾತ್ರಿಪಾಳಿ

ತೀವ್ರ ನಿಗಾ ಘಟಕಕ್ಕೆ ಬಂದು ನನಗೆ ಏಳು ತಿಂಗಳಾಯಿತು. ಕಳೆದ ವಾರದ ಒಂದು ರಾತ್ರಿಯ ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಅಂದು ಅಕ್ಕಪಕ್ಕದ ಎರಡು ಹಾಸಿಗೆಗಳು ನನ್ನ ಪಾಲಿಗೆ ಬಂದಿದ್ದವು, ಇಬ್ಬರೂ ರೋಗಿಗಳು ವೆಂಟಿಲೇಟರ್ ಮೇಲಿದ್ದರು. ಮಧ್ಯರಾತ್ರಿ ಕಳೆದ ಮೇಲೆ ಎಡಗಡೆಯ ಯಂತ್ರದಲ್ಲಿ ಹಳದಿ ಅಲಾರಂ ಬಂತು, ಮಿನಿಟ್ ವಾಲ್ಯೂಮ್ (ಒಂದು ನಿಮಿಷದ ಉಸಿರಾಟದ ಒಟ್ಟು ಗಾಳಿ) ಕಡಿಮೆ ಎಂದು ಪರದೆಯ ಮೇಲೆ ಬರೆದಿತ್ತು. ನಾನು ಅತ್ತ ತಿರುಗುವಷ್ಟರಲ್ಲಿ ಬಲಗಡೆಯ ಯಂತ್ರದಲ್ಲಿ ಕೆಂಪು ದೀಪ ಮಿನುಗಿ, ಒತ್ತಡ ಹೆಚ್ಚಾಗಿದೆ ಎಂಬ ಅಲಾರಂ ಜೋರಾಗಿ ಕೂಗತೊಡಗಿತು. ಕೆಂಪಿಗೆ ಮೊದಲು ಹೋಗಬೇಕು ಎಂದು ನಮಗೆ ಕಲಿಸಿದ್ದಾರೆ. ಆದ್ದರಿಂದ ಎಡಗಡೆಯ ಯಂತ್ರದ ಸೈಲೆನ್ಸ್ ಒತ್ತಿ ಬಲಗಡೆಗೆ ಹೋದೆ. ಆ ರೋಗಿ ಕೆಮ್ಮುತ್ತಿದ್ದರು. ಕಫ ತೆಗೆದೆ, ಅಲಾರಂ ನಿಂತಿತು, ಚಾದರ ಸರಿಪಡಿಸಿ ಚಾರ್ಟಿನಲ್ಲಿ ಬರೆದೆ. ಅಷ್ಟರಲ್ಲಿ ಎಡಗಡೆಯ ಯಂತ್ರ ಮತ್ತೆ ಕೂಗಿತು. ನೋಡಿದರೆ ಆ ರೋಗಿಯ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) 84 ಪ್ರತಿಶತಕ್ಕೆ ಇಳಿದಿತ್ತು. ರೋಗಿಯ ಶ್ವಾಸನಾಳದಲ್ಲಿರುವ ಟ್ಯೂಬಿಗೂ ಯಂತ್ರದಿಂದ ಗಾಳಿ ತರುವ ಕೊಳವೆಗಳಾದ ಸರ್ಕ್ಯೂಟಿಗೂ ನಡುವಿನ ಕನೆಕ್ಟರ್ ಅರ್ಧ ಕಳಚಿಕೊಂಡಿತ್ತು. ಒತ್ತಿ ಕೂರಿಸಿದ ಕೂಡಲೇ ಚೇತರಿಸಿಕೊಂಡರು, ಹಾನಿಯೇನೂ ಆಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕೆಂಪು ಬಂದ ರೋಗಿಗೆ ಕೆಮ್ಮು, ಹಳದಿ ಬಂದ ರೋಗಿಗೆ ಉಸಿರೇ ತಲುಪುತ್ತಿಲ್ಲ. ಹಾಗಿದ್ದರೆ ಈ ದರ್ಜೆಗಳಿಗೆ ಅರ್ಥವೇನು?

ಹಿರಿಯ ಶುಶ್ರೂಷಕಿ

ಸಿಸ್ಟರ್, ಮೊದಲು ಒಂದು ಮಾತು. ನೀವು ಕೆಂಪಿನ ಕಡೆಗೆ ಹೋದದ್ದು ತಪ್ಪಲ್ಲ. ಹಳದಿಯ ಸದ್ದನ್ನು ಅಡಗಿಸುವಾಗ ಆ ರೋಗಿಯ ಎದೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಎದೆ ಎರಡೂ ಕಡೆ ಏರಿಳಿಯುತ್ತಿದೆಯೇ, ತುಟಿಯ ಬಣ್ಣ ಹೇಗಿದೆ, ಮಾನಿಟರಿನಲ್ಲಿ ಸ್ಯಾಚುರೇಷನ್ ಎಷ್ಟು, ಇಷ್ಟನ್ನು ನೋಡಲು ಐದು ಸೆಕೆಂಡು ಸಾಕು. ಇಬ್ಬರಿಗೂ ಒಟ್ಟಿಗೆ ಅಲಾರಂ ಬಂದರೆ ಪಕ್ಕದ ಹಾಸಿಗೆಯವರನ್ನು ಕೂಗಿ ಕರೆಯಲು ಸಂಕೋಚ ಬೇಡ. ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ನಾನು ಈಗಲೂ ಕೂಗುತ್ತೇನೆ.

ದರ್ಜೆಗಳನ್ನು ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ಉಪಕರಣ ವಿಭಾಗದವರು ಹೇಳಿದರೆ ಒಳ್ಳೆಯದು.

ಉಪಕರಣ ವಿಭಾಗ

ನಾನು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ನಮಗೆ ಆಗಾಗ ಬರುತ್ತದೆ, ಆದ್ದರಿಂದ ತುಸು ದೀರ್ಘವಾಗಿಯೇ ಬರೆಯುತ್ತೇನೆ.

ವೈದ್ಯಕೀಯ ಉಪಕರಣಗಳ ಅಲಾರಂ ಹೇಗಿರಬೇಕು ಎಂಬುದಕ್ಕೆ ಐಇಸಿ 60601-1-8 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಮೊದಲು ಬಂದದ್ದು 2003ರಲ್ಲಿ. ವೆಂಟಿಲೇಟರುಗಳಿಗೆಂದೇ ಐಎಸ್‌ಒ 80601-2-12 ಎಂಬ ಇನ್ನೊಂದು ಮಾನದಂಡವೂ ಇದೆ. ಅಲಾರಂ ಕೊಡಬೇಕಾದ ಸ್ಥಿತಿಯನ್ನು ಯಾರೂ ಗಮನಿಸದೆ ಬಿಟ್ಟರೆ ಆಗಬಹುದಾದ ಅನಾಹುತ ಎಷ್ಟು ದೊಡ್ಡದು, ಅದು ಎಷ್ಟು ಬೇಗ ಆಗಬಹುದು, ಈ ಎರಡನ್ನು ತೂಗಿ ದರ್ಜೆಯನ್ನು ಗೊತ್ತುಮಾಡುತ್ತಾರೆ. ಸಾವು ಅಥವಾ ಶಾಶ್ವತ ಹಾನಿ ಕ್ಷಣಗಳಲ್ಲೋ ಕೆಲವೇ ನಿಮಿಷಗಳಲ್ಲೋ ಆಗುವಂತಿದ್ದರೆ ಅದು ಉನ್ನತ ದರ್ಜೆ. ಅದೇ ಹಾನಿ ನಿಧಾನವಾಗಿ ಆಗುವಂತಿದ್ದರೆ ಮಧ್ಯಮ ದರ್ಜೆ. ಸರಿಪಡಿಸಬಹುದಾದ ಹಾನಿ ನಿಧಾನವಾಗಿ ಆಗುವುದಾದರೆ ಕೆಳ ದರ್ಜೆ.

ಉನ್ನತ ದರ್ಜೆಗೆ ಕೆಂಪು ದೀಪ, ಸೆಕೆಂಡಿಗೆ ಸುಮಾರು ಎರಡು ಬಾರಿ ಮಿನುಗುತ್ತದೆ. ಮಧ್ಯಮಕ್ಕೆ ಹಳದಿ, ಎರಡು ಸೆಕೆಂಡಿಗೊಮ್ಮೆ ಎಂಬಂತೆ ನಿಧಾನವಾಗಿ ಮಿನುಗುತ್ತದೆ. ಕೆಳ ದರ್ಜೆಗೆ ಹಳದಿ ಅಥವಾ ತಿಳಿನೀಲಿ, ಮಿನುಗದೆ ಸ್ಥಿರವಾಗಿ ಉರಿಯುತ್ತದೆ. ಅಂದರೆ ಹಳದಿ ಎಂದರೆ ಯಾವಾಗಲೂ ಮಧ್ಯಮವೇ ಆಗಿರಬೇಕಿಲ್ಲ, ಮಿನುಗುತ್ತಿದೆಯೇ ಎಂಬುದನ್ನೂ ನೋಡಬೇಕು. ಸದ್ದಿನಲ್ಲಿಯೂ ಭೇದವಿದೆ. ಸಾಂಪ್ರದಾಯಿಕ ಸ್ವರಗಳ ಯಂತ್ರದಲ್ಲಿ ಉನ್ನತ ದರ್ಜೆಯ ಒಂದು ಸುತ್ತಿನಲ್ಲಿ ಹತ್ತು ಸ್ವರಗಳಿರುತ್ತವೆ: ಮೂರು, ಆಮೇಲೆ ಎರಡು, ಸ್ವಲ್ಪ ಬಿಟ್ಟು ಮತ್ತೆ ಮೂರು, ಎರಡು. ಮಧ್ಯಮಕ್ಕೆ ಮೂರು ಸ್ವರ, ಕೆಳ ದರ್ಜೆಗೆ ಒಂದೋ ಎರಡೋ. ಪರದೆ ಕಾಣದ ಕಡೆ ನಿಂತಿದ್ದರೂ ಸ್ವರಗಳನ್ನು ಎಣಿಸಿ ದರ್ಜೆಯನ್ನು ಹೇಳಬಹುದು. ಇದನ್ನು ಅಭ್ಯಾಸ ಮಾಡಿಕೊಳ್ಳಿ, ಎರಡು ರಾತ್ರಿಯಲ್ಲಿ ಕಿವಿಗೆ ಹತ್ತುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಈ ತೂಕವನ್ನು ಮಾಡುವವರು ತಯಾರಕರು, ಅದೂ ಯಂತ್ರವನ್ನು ವಿನ್ಯಾಸ ಮಾಡುವ ಹೊತ್ತಿನಲ್ಲಿ. ಎದುರಿಗಿರುವ ರೋಗಿಯನ್ನು ಕಂಡು ಯಂತ್ರ ಕೆಂಪೋ ಹಳದಿಯೋ ಎಂದು ತೀರ್ಮಾನಿಸುವುದಿಲ್ಲ. ಒಂದು ಅಳತೆ ಮಿತಿ ಮೀರಿದಾಗ, ಆ ಅಳತೆಗೆ ಮೊದಲೇ ಅಂಟಿಸಿಟ್ಟ ಬಣ್ಣವನ್ನು ಅದು ತೋರಿಸುತ್ತದೆ. ಮಿನಿಟ್ ವಾಲ್ಯೂಮ್ ಕಡಿಮೆಯಾದರೆ ಒಂದು ಮಾದರಿಯಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ. ಕೆಲವು ಯಂತ್ರಗಳಲ್ಲಿ ಒಂದೇ ಉಸಿರಿಗೆ ಒತ್ತಡ ಮಿತಿ ಮುಟ್ಟಿದರೆ ಕೆಳ ದರ್ಜೆ ಬಂದು, ಸತತ ಉಸಿರುಗಳಲ್ಲಿ ಮುಟ್ಟುತ್ತಾ ಹೋದಂತೆ ಮೇಲಿನ ದರ್ಜೆಗೆ ಏರುತ್ತದೆ. ಇನ್ನು ಕೆಲವು ಮೊದಲ ಉಸಿರಿಗೇ ಕೆಂಪು ತೋರಿಸುತ್ತವೆ. ಆದ್ದರಿಂದ ಎಡಗಡೆಯ ಯಂತ್ರದ ಹಳದಿಯನ್ನೂ ಬಲಗಡೆಯ ಯಂತ್ರದ ಕೆಂಪನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವಂತಿಲ್ಲ.

ಹೆಚ್ಚಿನ ಯಂತ್ರಗಳಲ್ಲಿ ಸೈಲೆನ್ಸ್ ಒತ್ತಿದರೆ ಸದ್ದು 2 ನಿಮಿಷ ಅಡಗುತ್ತದೆ. ಆ 2 ನಿಮಿಷದೊಳಗೆ ಹೊಸ ತೊಂದರೆ ಬಂದರೆ ಸದ್ದು ಮತ್ತೆ ಏಳುತ್ತದೆಯೇ ಇಲ್ಲವೇ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಘಟಕದ ಯಂತ್ರ ಏನು ಮಾಡುತ್ತದೆ ಎಂದು ನಿಮ್ಮ ಉಪಕರಣ ವಿಭಾಗದವರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಅರಿವಳಿಕೆ ವೈದ್ಯ

ಮೇಲಿನ ವಿವರಣೆಗೆ ವೈದ್ಯನಾಗಿ ಒಂದು ಮುಖ್ಯ ವಿಷಯವನ್ನು ಸೇರಿಸಬೇಕು. ಒಂದೇ ಕಾಯಿಲೆ, ಒಂದೇ ಕ್ಷಣ, ಆದರೂ ವೆಂಟಿಲೇಷನ್ ಮೋಡ್ ಬೇರೆಯಾದರೆ ಅಲಾರಂ ಬೇರೆಯಾಗುತ್ತದೆ.

ಗಟ್ಟಿ ಕಫದ ಒಂದು ಉಂಡೆ ಟ್ಯೂಬಿನ ತುದಿಯಲ್ಲಿ ಸಿಕ್ಕಿಕೊಂಡಿದೆ ಎಂದಿಟ್ಟುಕೊಳ್ಳಿ. ರೋಗಿ ವಾಲ್ಯೂಮ್ ಕಂಟ್ರೋಲ್‌ನಲ್ಲಿದ್ದರೆ ಯಂತ್ರ ನಿಗದಿಯಾದ ಗಾಳಿಯನ್ನು ತಳ್ಳಲೇಬೇಕೆಂದು ಹೋಗುತ್ತದೆ, ಒತ್ತಡ ಏರುತ್ತದೆ, ಮಿತಿ ಮುಟ್ಟುತ್ತದೆ, ಕೆಂಪು ಅಲಾರಂ ಬರುತ್ತದೆ. ಅದೇ ರೋಗಿ ಪ್ರೆಷರ್ ಕಂಟ್ರೋಲ್‌ನಲ್ಲಿದ್ದರೆ ಯಂತ್ರ ಒತ್ತಡವನ್ನು ಮಾತ್ರ ಕಾಯ್ದುಕೊಳ್ಳುತ್ತದೆ. ಒತ್ತಡ ಏರುವುದೇ ಇಲ್ಲ, ಒಳಹೋಗುವ ಗಾಳಿ ಸದ್ದಿಲ್ಲದೆ ಕುಗ್ಗುತ್ತದೆ. ಆಗ ಬರುವುದು ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಅಥವಾ ಮಿನಿಟ್ ವಾಲ್ಯೂಮ್ ಕಡಿಮೆ ಎಂಬ ಅಲಾರಂ, ಬಹಳಷ್ಟು ಸಲ ಹಳದಿ. ಕಫದ ಉಂಡೆ ಮಾತ್ರ ಅದೇ. ಆದ್ದರಿಂದ ಪ್ರೆಷರ್ ಕಂಟ್ರೋಲ್‌ನಲ್ಲಿರುವ ರೋಗಿಗೆ ವಾಲ್ಯೂಮ್ ಕಡಿಮೆ ಎಂಬ ಹಳದಿ ಬಂದರೆ, ಅದನ್ನು ಕೆಂಪೆಂದೇ ತಿಳಿದು ಹೋಗಿ ಎಂದು ನಮ್ಮ ಕಿರಿಯ ವೈದ್ಯರಿಗೆ ನಾನು ಹೇಳುತ್ತೇನೆ.

ಒತ್ತಡದ ಅಲಾರಂ ಬಂದಾಗಲೂ ಇನ್ನೊಂದು ಅಪಾಯವಿದೆ. ಒತ್ತಡ ಮೇಲ್ಮಿತಿ ಮುಟ್ಟಿದ ತಕ್ಷಣ ಯಂತ್ರ ಆ ಉಸಿರನ್ನು ಅಲ್ಲಿಗೇ ಮೊಟಕುಗೊಳಿಸಿ ಹೊರ ಕವಾಟವನ್ನು ತೆರೆಯುತ್ತದೆ. ಶ್ವಾಸಕೋಶ ಒಡೆಯದಂತೆ ಕಾಯಲು ಅದು ಬೇಕೇ ಬೇಕು. ಆದರೆ ಪ್ರತಿ ಉಸಿರೂ ಹೀಗೆ ಮೊಟಕಾಗುತ್ತಿದ್ದರೆ ರೋಗಿಗೆ ಗಾಳಿ ಸಾಲದು. ಒತ್ತಡ ಹೆಚ್ಚು, ವಾಲ್ಯೂಮ್ ಕಡಿಮೆ ಎಂಬ ಎರಡು ಅಲಾರಂ ಒಂದರ ಹಿಂದೆ ಒಂದು ಬಂದರೆ ಅವು ಎರಡು ತೊಂದರೆಗಳಲ್ಲ, ಒಂದೇ ತೊಂದರೆಯ ಎರಡು ಮುಖಗಳು.

ರೋಗಿಯ ಸ್ಥಿತಿ ಸ್ಥಿರವಾಗಿದ್ದು ಆತ ತಾನಾಗಿ ಉಸಿರೆಳೆಯುತ್ತಿಲ್ಲದಿದ್ದರೆ, ವಾಲ್ಯೂಮ್ ಕಂಟ್ರೋಲ್‌ನಲ್ಲಿ ಉಸಿರಿನ ಕೊನೆಗೆ ಅರ್ಧ ಸೆಕೆಂಡು ಗಾಳಿಯನ್ನು ಹಿಡಿದು, ಹರಿವು ನಿಂತಾಗ ಉಳಿಯುವ ಪ್ಲೇಟೋ ಒತ್ತಡವನ್ನು ನೋಡಿ. ಪೀಕ್ (ಉಸಿರು ಒಳಹೋಗುವಾಗಿನ ಗರಿಷ್ಠ ಒತ್ತಡ) ಏರಿ ಪ್ಲೇಟೋ ಮೊದಲಿನಂತೆಯೇ ಇದ್ದರೆ ಅಡ್ಡಿ ಇರುವುದು ದಾರಿಯಲ್ಲಿ: ಕಫ, ಟ್ಯೂಬ್ ಮಡಚಿಕೊಂಡಿರುವುದು, ರೋಗಿ ಟ್ಯೂಬನ್ನು ಕಚ್ಚಿರುವುದು, ಶ್ವಾಸನಾಳಗಳ ಬಿಗಿತ. ಎರಡೂ ಏರಿದ್ದರೆ ತೊಂದರೆ ಶ್ವಾಸಕೋಶದಲ್ಲಿ ಅಥವಾ ಅದರ ಸುತ್ತ: ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯೊಳಗೆ ಗಾಳಿ ಸೇರಿರುವುದು), ಟ್ಯೂಬ್ ಬಲ ಶ್ವಾಸನಾಳಕ್ಕೆ ಇಳಿದಿರುವುದು, ಶ್ವಾಸಕೋಶದಲ್ಲಿ ನೀರು, ಉಬ್ಬಿದ ಹೊಟ್ಟೆ.

ರೋಗಿ ಕುಸಿಯುತ್ತಿದ್ದರೆ ಮಾತ್ರ ಈ ಲೆಕ್ಕಗಳಿಗೆಲ್ಲ ಸಮಯವಿಲ್ಲ. ಸಹಾಯಕ್ಕೆ ಕೂಗಿ, ಯಂತ್ರದಿಂದ ಬಿಡಿಸಿ, 100 ಪ್ರತಿಶತ ಆಮ್ಲಜನಕದೊಂದಿಗೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಿರಿ. ಬ್ಯಾಗ್ ಸುಲಭವಾಗಿ ಒತ್ತಲು ಬಂದು ಎದೆ ಏರಿದರೆ ತೊಂದರೆ ಯಂತ್ರದಲ್ಲೋ ಸರ್ಕ್ಯೂಟಿನಲ್ಲೋ ಇದೆ. ಬ್ಯಾಗ್ ಕೂಡ ಕಲ್ಲಿನಂತೆ ಗಟ್ಟಿಯಾಗಿದ್ದರೆ ಟ್ಯೂಬ್ ಅಥವಾ ರೋಗಿಯ ಎದೆಯನ್ನು ನೋಡಬೇಕು.

ಹಿರಿಯ ಶುಶ್ರೂಷಕಿ

ಡಾಕ್ಟರೇ, ಒಂದು ವಿಷಯದಲ್ಲಿ ನನಗೆ ಸ್ವಲ್ಪ ಆಕ್ಷೇಪವಿದೆ. ಹೊಸಬರು ಇದನ್ನು ಓದಿ, ಪ್ರತಿ ಕೆಂಪಿಗೂ ಸರ್ಕ್ಯೂಟ್ ಬಿಡಿಸಿ ಬ್ಯಾಗ್ ಹಿಡಿಯಲು ಹೋಗುತ್ತಾರೆ ಎಂಬ ಭಯ ನನ್ನದು. ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಯಂತ್ರ ಉಳಿಸುವ ಒತ್ತಡ) 14 ಇರುವ ರೋಗಿಯನ್ನು ಒಮ್ಮೆ ಬಿಡಿಸಿದರೆ ತೆರೆದುಕೊಂಡಿದ್ದ ಶ್ವಾಸಕೋಶ ಮುದುಡಿಕೊಳ್ಳುತ್ತದೆ, ಮತ್ತೆ ಮೊದಲಿನ ಸ್ಯಾಚುರೇಷನ್ ಬರಲು ಗಂಟೆಗಳು ಹಿಡಿದದ್ದನ್ನು ನಾನು ಕಂಡಿದ್ದೇನೆ.

ಅರಿವಳಿಕೆ ವೈದ್ಯ

ನಿಮ್ಮ ಮಾತು ಸರಿ ಸಿಸ್ಟರ್, ನಾನೇ ಅದನ್ನು ಸ್ಪಷ್ಟಪಡಿಸಬೇಕಿತ್ತು. ಬಿಡಿಸುವ ನಿರ್ಧಾರಕ್ಕೆ ಆಧಾರವಾಗಬೇಕಾದದ್ದು ರೋಗಿಯ ಸ್ಥಿತಿ, ಅಲಾರಂನ ಬಣ್ಣವಲ್ಲ. ಸ್ಯಾಚುರೇಷನ್ ಬೀಳುತ್ತಿದೆ, ರಕ್ತದೊತ್ತಡ ಕುಸಿಯುತ್ತಿದೆ, ಕಾರಣ ಕಣ್ಣಿಗೆ ಕಾಣುತ್ತಿಲ್ಲ ಎಂದಾಗ ಮಾತ್ರ ಬಿಡಿಸಿ. ಪೀಪ್ ಹೆಚ್ಚಿರುವ ರೋಗಿಗಳ ಬ್ಯಾಗಿಗೆ ಪೀಪ್ ಕವಾಟವನ್ನು ಮೊದಲೇ ಸಿಕ್ಕಿಸಿಟ್ಟಿರಬೇಕು. ಇದಕ್ಕೆ ವಿರುದ್ಧವಾದ ಒಂದು ಸಂದರ್ಭವೂ ಇದೆ. ತೀವ್ರ ಆಸ್ತಮಾ ರೋಗಿಯಲ್ಲಿ ಹಿಂದಿನ ಉಸಿರು ಹೊರಹೋಗುವ ಮೊದಲೇ ಮುಂದಿನದು ಒಳಬಂದು, ಎದೆಯಲ್ಲಿ ಗಾಳಿ ಪೇರಿಸಿಕೊಳ್ಳುತ್ತಾ ಹೋಗಿ ರಕ್ತದೊತ್ತಡ ಕುಸಿಯುತ್ತದೆ. ಅಲ್ಲಿ ಸರ್ಕ್ಯೂಟ್ ಬಿಡಿಸಿ ಗಾಳಿ ಹೊರಹೋಗಲು ಕೆಲವು ಸೆಕೆಂಡು ಬಿಡುವುದೇ ಚಿಕಿತ್ಸೆ.

ರಾತ್ರಿಪಾಳಿ

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂದೇಹ ಉಳಿದಿದೆ. ಕನೆಕ್ಟರ್ ಕಳಚಿಕೊಂಡಾಗ ಒತ್ತಡ ಕಡಿಮೆ ಅಥವಾ ಸರ್ಕ್ಯೂಟ್ ಬಿಟ್ಟಿದೆ ಎಂಬ ಕೆಂಪು ಅಲಾರಂ ಬರಬೇಕಿತ್ತಲ್ಲವೇ? ಅದು ಬರಲೇ ಇಲ್ಲ. ಆ ರೋಗಿಗೆ ವಾಲ್ಯೂಮ್ ಕಂಟ್ರೋಲ್, ಟೈಡಲ್ ವಾಲ್ಯೂಮ್ 450 ಮಿಲಿ, ಉಸಿರಿನ ದರ ನಿಮಿಷಕ್ಕೆ 16. ಮಿನಿಟ್ ವಾಲ್ಯೂಮ್‌ನ ಕೆಳಮಿತಿ 4 ಲೀಟರ್ ಇತ್ತು.

ಉಸಿರಾಟ ತಂತ್ರಜ್ಞೆ

ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. 450ನ್ನು 16ರಿಂದ ಗುಣಿಸಿದರೆ ನಿಮಿಷಕ್ಕೆ 7.2 ಲೀಟರ್. ಕೆಳಮಿತಿ 4 ಲೀಟರ್ ಇದ್ದುದರಿಂದ, ಪ್ರತಿ ಉಸಿರಿನಲ್ಲಿ 200 ಮಿಲಿ ಸೋರಿಹೋಗುವವರೆಗೂ ಯಂತ್ರ ಸುಮ್ಮನಿರುತ್ತದೆ. ಉಳಿಯುವುದು 250 ಮಿಲಿ. ಅದರಲ್ಲಿ ಸುಮಾರು 150 ಮಿಲಿ ಶ್ವಾಸನಾಳಗಳಲ್ಲೇ ನಿಂತು, ರಕ್ತಕ್ಕೆ ಆಮ್ಲಜನಕ ಕೊಡುವ ಗಾಳಿಗೂಡುಗಳವರೆಗೆ ಹೋಗುವುದೇ ಇಲ್ಲ. ಅಂದರೆ ಗಾಳಿಗೂಡುಗಳಿಗೆ 300 ಮಿಲಿ ತಲುಪಬೇಕಾದ ಕಡೆ 100 ಮಿಲಿ ತಲುಪುತ್ತಿತ್ತು, ಮೂರರಲ್ಲಿ ಒಂದು ಪಾಲು. ಪರದೆಯ ಮೇಲೆ ಅರ್ಧಕ್ಕಿಂತ ಹೆಚ್ಚು ಉಳಿದಂತೆ ಕಂಡರೂ ರೋಗಿಗೆ ದಕ್ಕಿದ್ದು ಅಷ್ಟೇ. ನಾನು ಸಾಮಾನ್ಯವಾಗಿ ಈ ಮಿತಿಯನ್ನು ರೋಗಿಯ ಆಗಿನ ಮಿನಿಟ್ ವಾಲ್ಯೂಮ್‌ಗಿಂತ ಕಾಲು ಭಾಗದಷ್ಟು ಕೆಳಗೆ ಇಡುತ್ತೇನೆ. ನಿಮ್ಮ ರೋಗಿಗೆ ಅದು 5.4 ಲೀಟರ್ ಆಗುತ್ತಿತ್ತು.

ಒತ್ತಡದ ಅಲಾರಂ ಏಕೆ ಬರಲಿಲ್ಲ ಎಂದರೆ, ಕನೆಕ್ಟರ್ ಪೂರ್ತಿ ಬಿಚ್ಚಿರಲಿಲ್ಲ. ಬಿರುಕಿನಂಥ ಸಂದಿನಿಂದ ಗಾಳಿ ಸೋರುತ್ತಿದ್ದರೂ ಸರ್ಕ್ಯೂಟಿನೊಳಗೆ ಒತ್ತಡ ಕೆಳಮಿತಿಗಿಂತ ಮೇಲೆಯೇ ಉಳಿದಿರಬೇಕು. ಇದಕ್ಕಿಂತ ಮೋಸದ ಸಂಗತಿಯೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೋಗಿಯನ್ನು ಮಗ್ಗುಲು ಬದಲಾಯಿಸುವಾಗ ಸರ್ಕ್ಯೂಟ್ ಪೂರ್ತಿ ಕಳಚಿ, ಅದರ ಬಾಯಿ ಹೊದಿಕೆಯ ಮಡಿಕೆಗೆ ಒತ್ತಿಕೊಂಡು ಬಿದ್ದಿತ್ತು. ಗಾಳಿ ಬಟ್ಟೆಯನ್ನು ತಳ್ಳುತ್ತಿತ್ತು, ಹೊದಿಕೆ ಉಸಿರಾಡುವಂತೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಇತ್ತು, ಒತ್ತಡದ ಗೆರೆ ಪರದೆಯ ಮೇಲೆ ಹೆಚ್ಚುಕಡಿಮೆ ಎಂದಿನಂತೆಯೇ ಮೂಡುತ್ತಿತ್ತು. ಯಂತ್ರದ ಪಾಲಿಗೆ ಆ ಹೊದಿಕೆಯೇ ಶ್ವಾಸಕೋಶವಾಗಿತ್ತು. ಆ ದಿನ ನಮ್ಮನ್ನು ಎಚ್ಚರಿಸಿದ್ದು ಹೊರಬರುವ ಗಾಳಿಯ ವಾಲ್ಯೂಮ್ ಮತ್ತು ಇಂಗಾಲದ ಡೈಆಕ್ಸೈಡ್‌ನ ಗೆರೆ. ಬಟ್ಟೆಯಿಂದ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ, ಕ್ಯಾಪ್ನೋಗ್ರಾಫ್ ಗೆರೆ ನೆಲಕ್ಕೆ ಮಲಗಿತ್ತು. ಸರ್ಕ್ಯೂಟ್ ಬಿಟ್ಟಿದೆಯೇ ಎಂಬ ಪ್ರಶ್ನೆಗೆ ಒತ್ತಡದ ಅಲಾರಂ ಒಂದನ್ನೇ ನಂಬಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಅಪ್ಪನ ಆರೈಕೆ

ನಾನು ಆಸ್ಪತ್ರೆಯವನಲ್ಲ. ನಮ್ಮ ತಂದೆಯವರಿಗೆ ಟ್ರೆಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು) ಆಗಿದ್ದು, ಮನೆಯಲ್ಲೇ ಸಣ್ಣ ವೆಂಟಿಲೇಟರ್ ಮೇಲಿದ್ದಾರೆ. ಹೊದಿಕೆಯ ವಿಷಯ ಓದಿ ಮೈ ಜುಮ್ಮೆಂದಿತು. ಎರಡು ಪ್ರಶ್ನೆಗಳಿವೆ. ಕರೆಂಟ್ ಹೋದಾಗ ನೀಲಿ ದೀಪ ಹೊತ್ತಿಕೊಂಡು ಒಂದು ಸಣ್ಣ ಸದ್ದು ಬರುತ್ತದೆ. ಕೆಳ ದರ್ಜೆ ಎಂದು ಅದನ್ನು ಬಿಡಬಹುದೇ? ಸರ್ಕ್ಯೂಟ್ ಕಳಚಿಕೊಂಡರೆ ಬರಬೇಕಾದ ಅಲಾರಂ ಕೆಲಸ ಮಾಡುತ್ತದೆಯೇ ಎಂದು ನಾವು ತಿಳಿಯುವುದು ಹೇಗೆ?

ಉಪಕರಣ ವಿಭಾಗ

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಯಂತ್ರ ಬ್ಯಾಟರಿಗೆ ಬದಲಾಗಿದೆ ಎಂಬುದು ಆ ಕ್ಷಣಕ್ಕೆ ಅಪಾಯವಲ್ಲ, ಅದಕ್ಕೇ ಕೆಳ ದರ್ಜೆ. ಆದರೆ ಆ ಸಣ್ಣ ಸದ್ದಿನಿಂದಲೇ ನಿಮ್ಮ ಗಡಿಯಾರ ಶುರುವಾಗುತ್ತದೆ. ಚಾರ್ಜ್ ಇಳಿದಂತೆ ಅದೇ ವಿಷಯ ಮಧ್ಯಮಕ್ಕೆ ಏರಿ, ಬ್ಯಾಟರಿ ಮುಗಿಯುವ ಹೊತ್ತಿಗೆ ಕೆಂಪಾಗುತ್ತದೆ, ಆಗ ನಿಮಗೆ ಉಳಿಯುವುದು ಕೆಲವೇ ನಿಮಿಷಗಳು. ಸಣ್ಣ ಸದ್ದು ಬಂದ ಕೂಡಲೇ ಮೊದಲು ಪ್ಲಗ್ ಸಡಿಲವಾಗಿದೆಯೇ ನೋಡಿ. ಕರೆಂಟ್ ಇದ್ದೂ ಪ್ಲಗ್ ಅರ್ಧ ಹೊರಬಂದಿರುವುದು ನಾವು ಬಹಳ ಕಾಣುವ ಸಂಗತಿ. ನಿಜವಾಗಿ ಕರೆಂಟ್ ಹೋಗಿದ್ದರೆ ಸಮಯವನ್ನು ಬರೆದುಕೊಂಡು ಬದಲಿ ವ್ಯವಸ್ಥೆಗೆ ಆಗಲೇ ಕೈಹಾಕಿ. ಬ್ಯಾಟರಿ ಹಳತಾದಂತೆ ಪರದೆ ತೋರಿಸುವಷ್ಟು ಹೊತ್ತು ಅದು ಬಾಳುವುದಿಲ್ಲ. ಯಂತ್ರ ಪೂರ್ತಿ ನಿಂತರೆ ಕೈಗೆ ಸಿಗುವಂತೆ ಆಂಬು ಬ್ಯಾಗ್ ಹಾಸಿಗೆಯ ಬದಿಯಲ್ಲೇ ಇರಬೇಕು, ಬೀರುವಿನಲ್ಲಿ ಅಲ್ಲ.

ಉಸಿರಾಟ ತಂತ್ರಜ್ಞೆ

ಎರಡನೆಯದಕ್ಕೆ ನನ್ನ ಉತ್ತರ. ಟ್ರೆಕಿಯಾಸ್ಟಮಿ ಟ್ಯೂಬು ಸರ್ಕ್ಯೂಟಿಗೆ ಅಂಟಿಕೊಂಡೇ ಕುತ್ತಿಗೆಯಿಂದ ಹೊರಬಂದರೆ, ಕಿರಿದಾದ ಆ ಟ್ಯೂಬೇ ಗಾಳಿಗೆ ಅಡ್ಡಿಯಾಗಿ ಒತ್ತಡ ಉಳಿದುಬಿಡಬಹುದು, ಅಲಾರಂ ಬಾರದೆ ಹೋಗಬಹುದು. ಆದ್ದರಿಂದ ಸರ್ಕ್ಯೂಟಿನ ಬರಿದಾದ ಬಾಯಿಯನ್ನು ಗಾಳಿಗೆ ಬಿಟ್ಟು ನೋಡುವ ಪರೀಕ್ಷೆ ಸಾಲದು. ತಂದೆಯವರದೇ ಅಳತೆಯ ಬಿಡಿ ಟ್ಯೂಬನ್ನು ಸರ್ಕ್ಯೂಟಿನ ತುದಿಗೆ ಸಿಕ್ಕಿಸಿ ಗಾಳಿಗೆ ಬಿಟ್ಟಾಗಲೂ ಅಲಾರಂ ಬರುತ್ತದೆಯೇ ಎಂದು ನೋಡಬೇಕು. ಇದನ್ನು ಮೊದಲ ಸಲ ನಿಮ್ಮ ಚಿಕಿತ್ಸಾ ತಂಡದವರ ಎದುರಿನಲ್ಲೇ ಮಾಡಿ. ಆ ಹೊತ್ತಿನಲ್ಲಿ ಇನ್ನೊಬ್ಬರು ತಂದೆಯವರಿಗೆ ಬ್ಯಾಗಿನಿಂದ ಉಸಿರು ಕೊಡುತ್ತಿರಬೇಕು. ಅಲಾರಂ ಬಾರದಿದ್ದರೆ ಮಿತಿಯನ್ನು ಬದಲಿಸಬೇಕಾದವರು ಅವರೇ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಾಗಲೂ ಸದ್ದು ನಿಮಗೆ ಕೇಳುತ್ತದೆಯೇ ಎಂಬುದನ್ನೂ ಅಂದೇ ಪರೀಕ್ಷಿಸಿ.

ಹಿರಿಯ ಶುಶ್ರೂಷಕಿ

ಮಿತಿಗಳ ವಿಷಯ ಬಂದದ್ದರಿಂದ ನೆಲದ ವಾಸ್ತವವನ್ನೂ ಹೇಳಬೇಕು. ಕೆಳಮಿತಿಯನ್ನು 4ಕ್ಕೆ ಇಳಿಸಿದವರು ಬಹುಶಃ ಹಿಂದಿನ ಪಾಳಿಯವರು, ಪದೇ ಪದೇ ಬರುವ ಅಲಾರಂನಿಂದ ಬೇಸತ್ತು. ನಾನು ಅವರನ್ನು ದೂರುವುದಿಲ್ಲ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2013ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, 2009ರ ಜನವರಿಯಿಂದ 2012ರ ಜೂನ್‌ವರೆಗೆ ತಮಗೆ ವರದಿಯಾದ ಅಲಾರಂ ಸಂಬಂಧಿತ ಅವಘಡಗಳು 98, ಅವುಗಳಲ್ಲಿ ಸಾವು 80 ಎಂದು ಹೇಳಿದೆ. ಅಲಾರಂಗಳಲ್ಲಿ 85ರಿಂದ 99 ಪ್ರತಿಶತದವರೆಗೆ ಯಾವ ಚಿಕಿತ್ಸೆಯನ್ನೂ ಬೇಡದವು ಎಂಬ ಅಂದಾಜೂ ಅದರಲ್ಲಿದೆ. ನೂರು ಸಲ ಸುಳ್ಳು ಕೂಗಿಗೆ ಓಡಿದ ಕಿವಿ ನೂರೊಂದನೆಯದಕ್ಕೆ ಏಳುವುದಿಲ್ಲ.

ಆದರೆ ಸದ್ದು ಹೆಚ್ಚಾಯಿತೆಂದು ಮಿತಿಯನ್ನು ಸಡಿಲಿಸುವ ಮೊದಲು ಸದ್ದಿನ ಕಾರಣವನ್ನು ಹುಡುಕಿ. ಉಸಿರಿನ ದರ ಹೆಚ್ಚು ಎಂಬ ಅಲಾರಂ ರಾತ್ರಿಯಿಡೀ ಬರುತ್ತಿತ್ತು ಎಂದು ಒಬ್ಬರು ಮಿತಿಯನ್ನು 50ಕ್ಕೆ ಏರಿಸಿದ್ದರು. ಬೆಳಿಗ್ಗೆ ನೋಡಿದರೆ ಸರ್ಕ್ಯೂಟಿನ ತಗ್ಗಿನಲ್ಲಿ ನೀರು ನಿಂತು ತುಳುಕುತ್ತಿತ್ತು, ಆ ತುಳುಕಾಟವನ್ನೇ ಯಂತ್ರ ರೋಗಿಯ ಉಸಿರೆಂದು ತಿಳಿದು ಉಸಿರು ಕೊಡುತ್ತಿತ್ತು. ನೀರನ್ನು ರೋಗಿಯ ಕಡೆಗೆ ಹರಿಯದಂತೆ ಹೊರಚೆಲ್ಲಿದ ಮೇಲೆ ದರ 18ಕ್ಕೆ ಬಂತು.

ರಾತ್ರಿಪಾಳಿ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಉಪಕರಣ ವಿಭಾಗದವರಿಂದ ಆ ಯಂತ್ರದ ಅಲಾರಂ ದಾಖಲೆಯನ್ನು ತೆಗೆಸಿ ನೋಡಿದೆ. ನಾನು ಸೈಲೆನ್ಸ್ ಒತ್ತುವ ಮೊದಲಿನ ಒಂದು ಗಂಟೆಯಲ್ಲಿ ಅದೇ ಹಳದಿ ಅಲಾರಂ ಮೂರು ಸಲ ಬಂದು, ಪ್ರತಿ ಸಲವೂ ಅರ್ಧ ನಿಮಿಷದೊಳಗೆ ತಾನಾಗಿ ನಿಂತಿದೆ. ಮೊದಲನೆಯದು ರೋಗಿಯ ಮಗ್ಗುಲು ಬದಲಾಯಿಸಿದ ಸಮಯಕ್ಕೆ ಸರಿಯಾಗಿ ಹೊಂದುತ್ತದೆ. ಆಗಲೇ ಕನೆಕ್ಟರ್ ಸಡಿಲವಾಗಿ, ಅವರು ತಲೆ ಹೊರಳಿಸಿದಾಗಲೆಲ್ಲ ಸೋರುತ್ತಿತ್ತು ಎಂದು ಕಾಣುತ್ತದೆ. ತಾನಾಗಿ ನಿಂತ ಅಲಾರಂ ಎಂದು ನಾನು ಆ ಮೂರನ್ನೂ ಎದ್ದು ನೋಡಿರಲಿಲ್ಲ.

ಸೈಲೆನ್ಸ್ ಬಗ್ಗೆಯೂ ಕೇಳಿದೆ. ನಮ್ಮ ಮಾದರಿಯಲ್ಲಿ ಆ 2 ನಿಮಿಷದೊಳಗೆ ಹೊಸ ಕೆಂಪು ಬಂದರೆ ಮಾತ್ರ ಸದ್ದು ಏಳುತ್ತದೆ, ಹೊಸ ಹಳದಿ ಬಂದರೆ ದೀಪ ಮಾತ್ರ. ಈ ವಿಷಯ ನಮ್ಮ ಪಾಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನ್ನೆಯಿಂದ ಅದನ್ನು ಬರೆದು ಪ್ರತಿ ಯಂತ್ರದ ಪಕ್ಕದಲ್ಲೂ ಅಂಟಿಸಿದ್ದೇವೆ. ಪಾಳಿ ವಹಿಸಿಕೊಡುವಾಗ ಅಲಾರಂ ಮಿತಿಗಳನ್ನು ಇಬ್ಬರೂ ಓದಿ ಚಾರ್ಟಿನಲ್ಲಿ ಬರೆಯಬೇಕು ಎಂದು ನಮ್ಮ ಇನ್‌ಚಾರ್ಜ್ ಸಿಸ್ಟರ್ ಒಪ್ಪಿದ್ದಾರೆ. ಆ ರೋಗಿಗೆ ಮೊನ್ನೆ ಟ್ಯೂಬ್ ತೆಗೆದರು, ಈಗ ತಾವಾಗಿಯೇ ಉಸಿರಾಡುತ್ತಿದ್ದಾರೆ.